ಬಿಸಿ ರಾತ್ರಿ, ಪೀನಿಯಲ್ ಗ್ರಂಥಿ, ಬೆದೆಗೆ ಬಾರದ ಎಮ್ಮೆ

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಗೆ ಬಿಸಿಗಾಳಿ ಎಚ್ಚರಿಕೆ ಬರುವುದು ಹೊಸದಲ್ಲ. ಓದುಗರಿಗೆ ಗೊಂದಲವಾಗುವುದು ಹವಾಮಾನ ಇಲಾಖೆ ಬಳಸುವ ಇನ್ನೊಂದು ಮಾತಿನಿಂದ: ‘ವಾರ್ಮ್ ನೈಟ್’. ಸೂರ್ಯ ಮುಳುಗಿದ ಮೇಲೂ ಎಚ್ಚರಿಕೆ ಏಕೆ? ಈ ಪ್ರಶ್ನೆಯ ಬೆನ್ನಿಗೇ ಮೊಬೈಲ್‌ಗಳಲ್ಲಿ ಮೂರು ಬಗೆಯ ಮಾತುಗಳು ಓಡಾಡುತ್ತವೆ. ಸೆಕೆಗೆ ಮೆದುಳಿನ ಪೀನಿಯಲ್ ಗ್ರಂಥಿ ಒಣಗಿ ಹಾರ್ಮೋನು ಏರುಪೇರಾಗುತ್ತದೆ ಎಂಬುದು ಒಂದು. ಆ ಗ್ರಂಥಿಯ ಹಾರ್ಮೋನಾದ ಮೆಲಟೋನಿನ್‌ನ ಗುಳಿಗೆ ತಗೊಂಡರೆ ಮೈ ತಂಪಾಗುತ್ತದೆ ಎಂಬುದು ಎರಡನೆಯದು. ಎಮ್ಮೆಯ ಕಿವಿಯ ಬುಡಕ್ಕೆ ಅದೇ ಮೆಲಟೋನಿನ್ ಇಟ್ಟರೆ ಬೇಸಿಗೆಯಲ್ಲೂ ಗಬ್ಬ ಕಟ್ಟುತ್ತದೆ ಎಂಬುದು ಮೂರನೆಯದು. ಮೊದಲನೆಯದು ತಪ್ಪು. ಎರಡನೆಯದರಲ್ಲಿ ಸತ್ಯ ಕಾಳಷ್ಟು. ಮೂರನೆಯದರಲ್ಲಿ ತಿರುಳಿದೆ, ಆದರೆ ಅದು ನಮ್ಮ ಜಿಲ್ಲೆಗಳಿಗೆ ಎಷ್ಟು ಹೊಂದುತ್ತದೆ ಎಂದು ಬಿಡಿಸಿ ನೋಡಬೇಕು.

ರಾತ್ರಿಯನ್ನು ಅಳೆಯುವುದೇಕೆ

ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಬಿಸಿಗಾಳಿಯೇ. ಹಗಲು 40 ಅಥವಾ ಹೆಚ್ಚಿದ್ದು, ರಾತ್ರಿಯ ಕನಿಷ್ಠ ತಾಪಮಾನವೂ ವಾಡಿಕೆಗಿಂತ 4.5 ಡಿಗ್ರಿಯಷ್ಟು ಮೇಲಿದ್ದರೆ ಅದು ‘ವಾರ್ಮ್ ನೈಟ್’.

ಹಗಲಿನ ಬಿಸಿಲಿಗೆ ದೇಹ ಸಾಲ ಮಾಡುತ್ತದೆ, ರಾತ್ರಿ ತೀರಿಸುತ್ತದೆ. ರಾತ್ರಿ ತಂಪಾಗದಿದ್ದರೆ ಬಾಕಿ ಮರುದಿನಕ್ಕೆ ಉಳಿಯುತ್ತದೆ. ಹಳೆಯ ಮೇಲ್ಮುದ್ದೆ ಮನೆಗಳ ದಪ್ಪ ಮಣ್ಣಿನ ಮಾಳಿಗೆ ಹಗಲಿನ ಕಾವನ್ನು ಒಳಗೆ ಬಿಡುವುದು ನಿಧಾನ. ಆರ್‌ಸಿಸಿ ಸ್ಲ್ಯಾಬ್ ಹಾಗಲ್ಲ. ಮಧ್ಯಾಹ್ನವಿಡೀ ಹೀರಿದ ಕಾವನ್ನು ಸಂಜೆಯಿಂದ ನಡುರಾತ್ರಿಯವರೆಗೂ ಕೆಳಗಿನ ಕೋಣೆಗೆ ಬಿಡುತ್ತಿರುತ್ತದೆ. ಹೊರಗೆ 28 ಡಿಗ್ರಿ ಎಂದು ತೋರಿಸುವಾಗ ಒಳಗೆ ಮಲಗಿದವರ ನೆತ್ತಿಯ ಮೇಲಿನ ಸ್ಲ್ಯಾಬ್ ಮುಟ್ಟಿದರೆ ಇನ್ನೂ ಬಿಸಿ. ಇಲಾಖೆಯ ತಾಪಮಾಪಕ ಗಾಳಿಯಾಡುವ ಪೆಟ್ಟಿಗೆಯಲ್ಲಿರುತ್ತದೆ, ನಾವು ಸ್ಲ್ಯಾಬಿನ ಕೆಳಗಿರುತ್ತೇವೆ.

ಗ್ರಂಥಿ ಅಳೆಯುವುದು ಕತ್ತಲೆಯನ್ನು

ಪೀನಿಯಲ್ ಗ್ರಂಥಿ ಮೆದುಳಿನ ಒಳಮಧ್ಯದಲ್ಲಿದೆ. ಉದ್ದ 5ರಿಂದ 8 ಮಿಲಿಮೀಟರ್, ತೂಕ 100ರಿಂದ 150 ಮಿಲಿಗ್ರಾಂ. ಅದು ಸ್ರವಿಸುವ ಮುಖ್ಯ ಹಾರ್ಮೋನು ಮೆಲಟೋನಿನ್. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದರು.

ಈ ಗ್ರಂಥಿಗೆ ಸುದ್ದಿ ಮುಟ್ಟುವ ದಾರಿ ಬಹಳ ಸುತ್ತು. ಕಣ್ಣಿನ ಅಕ್ಷಿಪಟದಲ್ಲಿ ನೀಲಿ ಬೆಳಕಿಗೆ ಎಚ್ಚರವಾಗುವ ಕೆಲವು ಕೋಶಗಳಿವೆ. ಅವು ಮೆದುಳಿನ ತಳದ ಹೈಪೋಥಲಾಮಸ್ ಎಂಬ ಭಾಗದಲ್ಲಿರುವ ದೇಹದ ಗಡಿಯಾರಕ್ಕೆ ತಂತಿ ಕಳಿಸುತ್ತವೆ. ಅಲ್ಲಿಂದ ಸುದ್ದಿ ಬೆನ್ನುಹುರಿಗೆ ಇಳಿದು, ಎದೆಯ ಮಟ್ಟದಲ್ಲಿ ಹೊರಬಿದ್ದು, ಕುತ್ತಿಗೆಯ ನರಗಂಟಿಗೆ ಏರಿ, ಮತ್ತೆ ತಲೆಯೊಳಗೆ ಹೋಗಿ ಪೀನಿಯಲ್ ಮುಟ್ಟುತ್ತದೆ. ಕತ್ತಲಾದಾಗ ಆ ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿದು ಗ್ರಂಥಿ ಕೆಲಸಕ್ಕೆ ತೊಡಗುತ್ತದೆ. ಮೆಲಟೋನಿನ್ ನಸುಕಿನ 2ರಿಂದ 4 ಗಂಟೆಯ ಹೊತ್ತಿಗೆ ತುತ್ತತುದಿಗೇರಿ, ಬೆಳಗಿನ ಬೆಳಕಿಗೆ ಇಳಿಯುತ್ತದೆ. ಆ ನಾರ್‌ಅಡ್ರಿನಲಿನ್ ಹಿಡಿಯುವ ಜಾಗವನ್ನೇ ಮುಚ್ಚುವ ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬಿಪಿ ಗುಳಿಗೆಗಳು ರಾತ್ರಿಯ ಮೆಲಟೋನಿನ್ ತಗ್ಗಿಸುವುದು ಇದೇ ಕಾರಣಕ್ಕೆ. ಹಾಗಂತ ಬಿಪಿ ಗುಳಿಗೆ ನಿಲ್ಲಿಸುವಂತಿಲ್ಲ. ನಿದ್ದೆ ಕೆಟ್ಟಿದ್ದರೆ ವೈದ್ಯರ ಮುಂದೆ ಅದನ್ನೂ ಹೇಳಬೇಕು, ಅಷ್ಟೇ.

ಈ ದಾರಿಯಲ್ಲಿ ಎಲ್ಲೂ ತಾಪಮಾಪಕ ಇಲ್ಲ. ಗ್ರಂಥಿ ಅಳೆಯುವುದು ರಾತ್ರಿ ಎಷ್ಟು ಉದ್ದ ಎಂಬುದನ್ನು. ಬಿಸಿಯೊಂದರಿಂದಲೇ ಮೆಲಟೋನಿನ್ ಕುಸಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಪ್ರಯೋಗಗಳ ಫಲಿತಾಂಶ ಒಂದೇ ದಿಕ್ಕಿಗೆ ಹೋಗಿಲ್ಲ.

ಬಿಸಿಲಿಗೆ ಎದ್ದು ನಿಲ್ಲುವ ಹಾರ್ಮೋನುಗಳು

ಮೈಯ ಕಾವು ಕಾಯುವ ಕೆಲಸ ಹೈಪೋಥಲಾಮಸ್‌ನ ಮುಂಭಾಗದ್ದು. ರಕ್ತ ಬಿಸಿಯಾದದ್ದನ್ನು ಅದು ನೇರವಾಗಿ ಗುರುತಿಸಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರು ಬಿಡಿಸುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಕಾವು ಮೈಬಿಟ್ಟು ಹೋಗುತ್ತದೆ. ನೆಲಕ್ಕೆ ಹನಿದು ಬಿದ್ದ ಬೆವರು ಲೆಕ್ಕಕ್ಕಿಲ್ಲ, ಆರಿದ್ದಷ್ಟೇ ಲೆಕ್ಕ.

ಬೆವರಿನ ಬೆನ್ನಿಗೆ ಹಾರ್ಮೋನುಗಳು ಬರುತ್ತವೆ. ನೀರು ಹೋಗಿ ರಕ್ತ ಗಟ್ಟಿಯಾದಂತೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವಾಸೋಪ್ರೆಸಿನ್ ಹೊರಟು ಮೂತ್ರವನ್ನು ಹಿಡಿದಿಡುತ್ತದೆ. ಮಧ್ಯಾಹ್ನ ಹೊಲದಲ್ಲಿದ್ದವರ ಮೂತ್ರ ಕಡುಹಳದಿಯಾಗುವುದು ಅದರಿಂದಲೇ. ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟೆರಾನ್ ಉಪ್ಪನ್ನು ಉಳಿಸುತ್ತದೆ. ಬಿಸಿಲಿಗೆ ಮೈ ಒಗ್ಗಲು ಬೇಕಾಗುವ 7ರಿಂದ 14 ದಿನಗಳಲ್ಲಿ ಬೆವರಿನ ಉಪ್ಪು ಕಡಿಮೆಯಾಗುವುದು ಇದರ ಕೆಲಸ. ಥಟ್ಟನೆ ತಗುಲಿದ ಕಾವಿಗೆ ಕಾರ್ಟಿಸೋಲ್ ಏರುತ್ತದೆ. ಕಾವು ವಾರಗಟ್ಟಲೆ ಮುಂದುವರಿದರೆ ಥೈರಾಯ್ಡ್ ತನ್ನ ವೇಗ ತಗ್ಗಿಸಿ ಒಳಗಿನ ಉರಿಯನ್ನು ಕಡಿಮೆ ಮಾಡುತ್ತದೆ. ಹಾಲು ಹುಟ್ಟಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಕೂಡ ಏರುತ್ತದೆ. ಈ ಹೆಸರು ನೆನಪಿರಲಿ, ಎಮ್ಮೆಯ ಭಾಗದಲ್ಲಿ ಮತ್ತೆ ಬರುತ್ತದೆ.

ಪೀನಿಯಲ್ ಮತ್ತು ತಾಪ ನಿಯಂತ್ರಣ ಬೇರೆಬೇರೆ ಎಂಬುದಕ್ಕೆ ವೈದ್ಯಕೀಯದಲ್ಲೇ ಪುರಾವೆ ಇದೆ. ಗಡ್ಡೆಯ ಕಾರಣಕ್ಕೆ ಪೀನಿಯಲ್ ತೆಗೆಸಿಕೊಂಡವರಲ್ಲಿ ರಾತ್ರಿಯ ಮೆಲಟೋನಿನ್ ಏರಿಕೆ ನಿಂತುಹೋಗುತ್ತದೆ, ಆದರೆ ಬೆವರು ಬರುತ್ತದೆ, ಬಾಯಾರಿಕೆಯೂ ಆಗುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ ಮಾತ್ರ ಎರಡೂ ಹೋಗುತ್ತವೆ, ಮೆಲಟೋನಿನ್ ಲಯವೂ ಕೆಳಮೈಯ ಬೆವರೂ, ಏಕೆಂದರೆ ಎರಡರ ತಂತಿಯೂ ಅದೇ ಹುರಿಯಲ್ಲಿ ಇಳಿಯುತ್ತದೆ. ಅಂಥವರಿಗೆ ಬೇಸಿಗೆ ನಿಜಕ್ಕೂ ಅಪಾಯಕಾರಿ, ಆದರೆ ಅಪಾಯ ಬರುವುದು ಬೆವರು ನಿಂತದ್ದರಿಂದ.

ಎರಡು ದಾರಿ ಕೂಡುವ ಜಾಗ

ಹಾಗಾದರೆ ಪೀನಿಯಲ್‌ಗೂ ಸೆಕೆಗೂ ಸಂಬಂಧವೇ ಇಲ್ಲವೇ? ಇದೆ, ರಾತ್ರಿ ಮಾತ್ರ. ಸಂಜೆ ಮೆಲಟೋನಿನ್ ಏರತೊಡಗಿದಾಗ ಅಂಗೈ, ಅಂಗಾಲುಗಳ ರಕ್ತನಾಳ ತೆರೆದುಕೊಳ್ಳುತ್ತವೆ. ಒಳಗಿನ ಕಾವು ಆ ಬಾಗಿಲಿಂದ ಹೊರಹೋಗುತ್ತದೆ. ಮೈಯೊಳಗಿನ ತಾಪ ಅರ್ಧದಿಂದ ಒಂದು ಡಿಗ್ರಿ ಇಳಿದು ನಸುಕಿನ 4–5 ಗಂಟೆಗೆ ತಳ ಮುಟ್ಟುತ್ತದೆ. ಈ ಇಳಿಜಾರಿನಲ್ಲೇ ನಿದ್ದೆ ಹತ್ತುವುದು.

ಆದರೆ ರಕ್ತನಾಳ ತೆರೆದರಷ್ಟೇ ಸಾಲದು, ಹೊರಗಿನ ಗಾಳಿ ಚರ್ಮಕ್ಕಿಂತ ತಂಪಾಗಿರಬೇಕು. ಚರ್ಮದ ತಾಪ ಸುಮಾರು 33ರಿಂದ 35 ಡಿಗ್ರಿ. ಸ್ಲ್ಯಾಬಿನ ಕೆಳಗಿನ ಕೋಣೆ ರಾತ್ರಿ 11ಕ್ಕೂ 34 ಇದ್ದರೆ ಮೆಲಟೋನಿನ್ ಬಾಗಿಲು ತೆರೆದರೂ ಕಾವು ಹೊರಗೆ ಹೋಗದು. ಆಗ ಬೆವರೇ ಗತಿ. ರಾತ್ರಿಯಿಡೀ ಬೆವರಿದರೆ ಉಪ್ಪು, ನೀರಿನ ಹಾರ್ಮೋನುಗಳಿಗೂ ಬಿಡುವಿಲ್ಲ, ಬೆಳಿಗ್ಗೆ ಎದ್ದಾಗಲೇ ಮೈ ಒಣಗಿರುತ್ತದೆ.

ನಿದ್ದೆ ಬಾರದವರು ದೀಪ ಹಚ್ಚುತ್ತಾರೆ, ಮೊಬೈಲ್ ಹಿಡಿಯುತ್ತಾರೆ. ಪಂಪ್‌ಸೆಟ್‌ಗೆ ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಬಂದರೆ ಕಬ್ಬಿಗೆ ನೀರು ಹಾಯಿಸಲು ಎದ್ದು ಹೋಗುವವರಿಗೆ, ರಬಕವಿ-ಬನಹಟ್ಟಿಯ ಮಗ್ಗದ ರಾತ್ರಿ ಪಾಳಿಯವರಿಗೆ ಬೆಳಕು ತಪ್ಪಿದ್ದೇ ಅಲ್ಲ. ಬಿಳಿ ಎಲ್‌ಇಡಿಯ ನೀಲಿ ಅಂಶ ಮೆಲಟೋನಿನ್ ತಡೆಯುತ್ತದೆ. ಸೆಕೆ ಗ್ರಂಥಿಯನ್ನು ಮುಟ್ಟುವುದು ಬಹುಪಾಲು ಹೀಗೆ: ನಿದ್ದೆಗೆಡಿಸಿ, ಬೆಳಕು ಹಚ್ಚಿಸಿ, ಬಳಸುದಾರಿಯಲ್ಲಿ.

ಒಣಗುವುದು, ಕಲ್ಲಾಗುವುದು

‘ಒಣಗುತ್ತದೆ’ ಎಂಬ ಮಾತಿಗೆ ಮೂಲ ಬಹುಶಃ ಸ್ಕ್ಯಾನ್ ರಿಪೋರ್ಟುಗಳು. ವಯಸ್ಸಾದಂತೆ ಪೀನಿಯಲ್‌ನಲ್ಲಿ ಸುಣ್ಣದ ಕಣ ಸೇರುತ್ತದೆ. ತಲೆಯ ಸಿಟಿ ಸ್ಕ್ಯಾನ್‌ನಲ್ಲಿ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ತಂಪು ದೇಶದವರಲ್ಲೂ ಇದು ಸಾಮಾನ್ಯ, ಬಿಸಿಲಿನ ಗುರುತಲ್ಲ.

ನಮ್ಮ ಭಾಗದಲ್ಲಿ ಈ ವದಂತಿಗೆ ಫ್ಲೋರೈಡ್ ಕೂಡ ಸೇರಿಕೊಂಡಿದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ 11 ವೃದ್ಧರ ಶವಗಳ ಪೀನಿಯಲ್‌ನಲ್ಲಿ ಫ್ಲೋರೈಡ್ ಸಂಗ್ರಹವಾಗಿದ್ದನ್ನು ತೋರಿಸಿತು. ಸುಣ್ಣ ಇರುವ ಕಡೆ ಫ್ಲೋರೈಡ್ ಅಂಟುವುದು ಸಹಜ. ಅದರಿಂದ ಮೆಲಟೋನಿನ್ ಕೆಟ್ಟಿತೆಂದು ಆ ಅಧ್ಯಯನ ಸಾಬೀತು ಮಾಡಲಿಲ್ಲ. ವಿಜಯಪುರ, ಬಾಗಲಕೋಟೆಯ ಕೆಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಿಡಬೇಕಾದದ್ದು ಹಲ್ಲು, ಮೂಳೆಗಳಿಗಾಗಿ. ಅದಕ್ಕೆ ಪೀನಿಯಲ್‌ನ ಸಾಕ್ಷಿ ಬೇಕಿಲ್ಲ.

ತಮಾಷೆಯೆಂದರೆ ಪೀನಿಯಲ್ ಬಗ್ಗೆ ಹೇಳುವ ‘ಮೂರನೆಯ ಕಣ್ಣು’ ಎಂಬ ಮಾತು ಓತಿಕ್ಯಾತನ ಮಟ್ಟಿಗೆ ಅಕ್ಷರಶಃ ನಿಜ. ಅದರ ನೆತ್ತಿಯ ಹುರುಪೆಯ ಕೆಳಗೆ, ಪೀನಿಯಲ್‌ನ ಒಡಹುಟ್ಟಿನಂತೆ, ಬೆಳಕು ಗ್ರಹಿಸುವ ಪುಟ್ಟ ಕಣ್ಣೊಂದಿದೆ. ಹಲ್ಲಿಯ ಕುಲದ ಇಂಥ ಪ್ರಾಣಿಗಳು ಎಷ್ಟು ಹೊತ್ತು ಬಿಸಿಲು ಕಾಯಿಸಬೇಕು, ಯಾವಾಗ ನೆರಳಿಗೆ ಹೋಗಬೇಕು ಎಂಬುದಕ್ಕೆ ಅದರ ನೆರವು ಪಡೆಯುತ್ತವೆ. ಸಸ್ತನಿಗಳಲ್ಲಿ ಆ ಕಣ್ಣು ಉಳಿದಿಲ್ಲ.

ಗುಳಿಗೆಯ ತಂಪು ಎಷ್ಟು

ಹಗಲಲ್ಲಿ 5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟರೆ ಮೈಯೊಳಗಿನ ತಾಪ 0.2–0.3 ಡಿಗ್ರಿಯಷ್ಟು ಇಳಿಯುತ್ತದೆ. ಗುಳಿಗೆ ಮಾರುವವರು ಹಿಡಿದಿರುವುದು ಇದೇ ಎಳೆಯನ್ನು. ಆದರೆ ಆ ಇಳಿಕೆಯೂ ಚರ್ಮದ ಮೂಲಕವೇ ಆಗಬೇಕು, ಕೋಣೆ 34 ಡಿಗ್ರಿ ಇದ್ದರೆ ಅದೇ ಮುಚ್ಚಿದ ದಾರಿ. ಬಿಸಿಲಾಘಾತಕ್ಕಂತೂ ಇದು ಮದ್ದೇ ಅಲ್ಲ. ಮೈ 40 ಡಿಗ್ರಿ ದಾಟಿ, ಮಾತು ತೊದಲಿ, ಎಚ್ಚರ ತಪ್ಪುತ್ತಿದ್ದರೆ ಆಗಬೇಕಾದದ್ದು ನೆರಳು, ಮೈತುಂಬ ನೀರು, ಗಾಳಿ, 108.

ಪ್ರಮಾಣದ ಗೊಂದಲವೂ ಇದೆ. ದೇಹ ತಾನೇ ರಾತ್ರಿ ಮುಟ್ಟಿಸುವ ಮಟ್ಟಕ್ಕೆ 0.3 ಮಿಲಿಗ್ರಾಂ ಸಾಕು, ಅಂಗಡಿಯಲ್ಲಿರುವುದು 3, 5, 10ರ ಗುಳಿಗೆ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಅಂಕಿಗೂ ಒಳಗಿನದಕ್ಕೂ ತಾಳೆಯಾಗಲಿಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪಾಳಿ ಕೆಲಸದವರ ನಿದ್ದೆಗೆ ವೈದ್ಯರು ಬರೆದುಕೊಟ್ಟರೆ ಆ ಮಾತು ಬೇರೆ.

ಸ್ಲ್ಯಾಬಿಗೆ ಬಿಸಿಲುಗಾಲಕ್ಕೆ ಮುಂಚೆ ಸುಣ್ಣ ಬಳಿಯುವುದು, ಸಂಜೆ ನೀರು ಚೆಲ್ಲುವುದು, ಮಾಳಿಗೆಯ ಮೇಲೆ ಮಲಗುವುದು, ಮಲಗುವ ಮುಂಚೆ ಕೈಕಾಲಿಗೆ ನೀರು ಹಾಕಿಕೊಂಡು ಒರೆಸದೆ ಫ್ಯಾನಿನ ಕೆಳಗೆ ಕೂರುವುದು, ಇವು ಗುಳಿಗೆಗಿಂತ ಹೆಚ್ಚು ಕಾವು ಇಳಿಸುತ್ತವೆ. ಬಹಳ ಬೆವರಿದವರಿಗೆ ಓಆರ್‌ಎಸ್, ಇಲ್ಲವೇ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಚಹಾದ ಚಮಚ. ಉಪ್ಪು ಹೆಚ್ಚಾದರೆ ಬಾಯಾರಿಕೆ ಇನ್ನೂ ಏರುತ್ತದೆ.

ಎಮ್ಮೆಗೆ ಪೀನಿಯಲ್ ಪಂಚಾಂಗ

ಮನುಷ್ಯರಿಗೆ ಮೆಲಟೋನಿನ್ ಹೆಚ್ಚಾಗಿ ನಿದ್ದೆಯ ವಿಷಯ. ಎಮ್ಮೆಗೆ ಅದು ಋತುವಿನ ವಿಷಯ. ಎಮ್ಮೆ ಹಗಲು ಗಿಡ್ಡವಾದಾಗ ಬೆದೆಗೆ ಬರುವ ಪ್ರಾಣಿ. ರಾತ್ರಿ ಉದ್ದವಾದಂತೆ ಮೆಲಟೋನಿನ್ ಸುರಿಯುವ ಹೊತ್ತೂ ಉದ್ದವಾಗುತ್ತದೆ. ಪಿಟ್ಯುಟರಿ ಅದನ್ನು ಓದಿ ಪ್ರೊಲ್ಯಾಕ್ಟಿನ್ ತಗ್ಗಿಸುತ್ತದೆ, ಅಂಡಾಶಯವನ್ನು ಎಬ್ಬಿಸುವ ಹಾರ್ಮೋನುಗಳಿಗೆ ದಾರಿಯಾಗುತ್ತದೆ. ಬೇಸಿಗೆಯಲ್ಲಿ ಇದೆಲ್ಲ ತಿರುವುಮುರುವು. ಉದ್ದ ಹಗಲು ಒಂದು ಕಡೆಯಿಂದ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ಸೆಕೆ ಇನ್ನೊಂದು ಕಡೆಯಿಂದ ಏರಿಸುತ್ತದೆ. ಎರಡು ದಾರಿ, ಒಂದೇ ಹಾರ್ಮೋನು. ಕಾರ್ಟಿಸೋಲ್ ಅದಕ್ಕೆ ಜೊತೆಗೂಡುತ್ತದೆ. ಎಮ್ಮೆ ಬೆದೆಗೆ ಬರುವುದಿಲ್ಲ, ಬಂದರೂ ಹೊರಗೆ ಗುರುತು ಸರಿಯಾಗಿ ಕಾಣದ ಮೂಕ ಬೆದೆ.

ಅದರ ಮೇಲೆ ಕಪ್ಪು ದಪ್ಪ ಚರ್ಮ, ಆಕಳಿಗಿಂತ ಬಹಳ ಕಡಿಮೆ ಬೆವರು ಗ್ರಂಥಿ. ಕೆರೆ, ಹಳ್ಳ, ಹೊಂಡ ಇದ್ದಾಗ ಎಮ್ಮೆ ತನ್ನ ತಂಪನ್ನು ತಾನೇ ನೋಡಿಕೊಳ್ಳುತ್ತಿತ್ತು. ತಗಡಿನ ಶೆಡ್ಡಿನಲ್ಲಿ ಕಟ್ಟಿಹಾಕಿದ ಎಮ್ಮೆಗೆ ಆ ದಾರಿ ಇಲ್ಲ.

ಕಿವಿಯ ಬುಡದ ಗುಳಿಗೆ: ವಾದ, ಪ್ರತಿವಾದ

ಪಂಜಾಬಿನಲ್ಲಿ ನಡೆದ ಪ್ರಯೋಗಗಳಲ್ಲಿ ಬೇಸಿಗೆಯಲ್ಲಿ ಬೆದೆ ನಿಂತ ಎಮ್ಮೆ ಕಡಸುಗಳ ಕಿವಿಯ ಬುಡದ ಚರ್ಮದ ಕೆಳಗೆ 18 ಮಿಲಿಗ್ರಾಂನ ಮೆಲಟೋನಿನ್ ಇಂಪ್ಲಾಂಟ್‌ಗಳನ್ನು, 50 ಕಿಲೋ ಮೈತೂಕಕ್ಕೆ ಒಂದರಂತೆ ಇಟ್ಟರು. ಅಂದರೆ 350 ಕಿಲೋ ಕಡಸಿಗೆ ಏಳು. ಅವು ನಿಧಾನ ಕರಗುತ್ತ ಹಗಲೂ ರಾತ್ರಿ ಮೆಲಟೋನಿನ್ ಬಿಡುತ್ತವೆ. ದೇಹ ಅದನ್ನು ಚಳಿಗಾಲ ಬಂತೆಂದು ಓದುತ್ತದೆ, ಅಂಡಾಶಯ ಎಚ್ಚರಗೊಳ್ಳುತ್ತದೆ. ಪರದೇಶಗಳಲ್ಲಿ ಕುರಿಗಳಿಗೆ ಇದೇ ಬಗೆಯ ಇಂಪ್ಲಾಂಟ್ ಬಹುಕಾಲದಿಂದ ಬಳಕೆಯಲ್ಲಿದೆ. ಹೀಗಾಗಿ ಬೆಂಬಲಿಸುವವರ ವಾದ ಹುಸಿಯಲ್ಲ.

ಪ್ರತಿವಾದ ಶುರುವಾಗುವುದು ಭೂಪಟದಿಂದ. ಲುಧಿಯಾನ ಸುಮಾರು 31 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ಹಗಲು 14 ಗಂಟೆ ದಾಟುತ್ತದೆ, ಡಿಸೆಂಬರ್ ಹಗಲು 10 ಗಂಟೆಯ ಆಸುಪಾಸು: ನಾಲ್ಕು ತಾಸು ವ್ಯತ್ಯಾಸ. ವಿಜಯಪುರ 17 ಡಿಗ್ರಿಯ ಸಮೀಪ. ಇಲ್ಲಿ 13 ಗಂಟೆ ಚಿಲ್ಲರೆ, 11 ಗಂಟೆ ಚಿಲ್ಲರೆ: ಎರಡೇ ತಾಸು. ಪೀನಿಯಲ್‌ಗೆ ಸಿಗುವ ಋತುವಿನ ಸುದ್ದಿ ಇಲ್ಲಿ ಅಷ್ಟರಮಟ್ಟಿಗೆ ಮೆಲ್ಲನೆಯದು. ಹಾಗಾದರೆ ನಮ್ಮ ಎಮ್ಮೆ ಏಪ್ರಿಲ್–ಮೇನಲ್ಲಿ ಬೆದೆ ಮರೆಯುವುದಕ್ಕೆ ಬೆಳಕಿಗಿಂತ ಸೆಕೆ, ಒಣ ಕಣಿಕೆ, ಹಸಿ ಮೇವಿನ ಬರ ಹೆಚ್ಚು ಕಾರಣವಾಗಿರಬೇಕು ಎಂಬುದು ಈ ಲೇಖನದ ಎಣಿಕೆ. ಇಂಪ್ಲಾಂಟ್ ಬೆಳಕಿನ ಸುದ್ದಿಯನ್ನು ಬದಲಿಸಬಲ್ಲದು, ಶೆಡ್ಡಿನ ಕಾವನ್ನಲ್ಲ. ಬರೀ ಇಂಪ್ಲಾಂಟ್ ಇಟ್ಟು ತಗಡಿನ ಕೆಳಗೆ ಕಟ್ಟಿದರೆ ಬೆದೆಗೆ ಬಂದ ಎಮ್ಮೆಯೂ ಗಬ್ಬ ನಿಲ್ಲಿಸಿಕೊಳ್ಳುವುದು ಕಷ್ಟ. ಗರ್ಭಧಾರಣೆಯಾದ ಮೊದಲ ವಾರದ ಭ್ರೂಣ ಕಾವಿಗೆ ಬಹಳ ನಾಜೂಕು. ಅಂಡವೂ ಬಲಿಯಲು ತಿಂಗಳಿಗೂ ಹೆಚ್ಚು ಹಿಡಿಯುವುದರಿಂದ, ಹಿಂದಿನ ತಿಂಗಳ ಸೆಕೆಯ ಪೆಟ್ಟು ಈ ತಿಂಗಳ ಬೆದೆಯಲ್ಲಿ ಕಾಣುತ್ತದೆ.

ಪಶುವೈದ್ಯರ ಕೈಯಲ್ಲಿ ಇನ್ನೊಂದು ದಾರಿ ಓವ್‌ಸಿಂಕ್, ಅಂದರೆ ಹಾರ್ಮೋನು ಚುಚ್ಚುಮದ್ದುಗಳಿಂದ ಅಂಡ ಬಿಡುಗಡೆಯ ಹೊತ್ತನ್ನು ಹೊಂದಿಸುವುದು. ಮೊದಲ ದಿನ ಜಿಎನ್‌ಆರ್‌ಎಚ್ ಚುಚ್ಚುಮದ್ದು, ಏಳು ದಿನ ಬಿಟ್ಟು ಪ್ರೊಸ್ಟಾಗ್ಲಾಂಡಿನ್, ಅದಾಗಿ ಎರಡು ದಿನಕ್ಕೆ ಮತ್ತೆ ಜಿಎನ್‌ಆರ್‌ಎಚ್, ಆಮೇಲೆ 16ರಿಂದ 20 ತಾಸಿಗೆ ಕೃತಕ ಗರ್ಭಧಾರಣೆ. ಬೆದೆ ಕಾಣದಿದ್ದರೂ ನಡೆಯುತ್ತದೆ. ಆದರೆ ಅಂಡಾಶಯ ಪೂರ್ತಿ ಮಲಗಿದ್ದರೆ ಇದರ ಫಲವೂ ಕಡಿಮೆ, ಅಂಥ ಎಮ್ಮೆಗೆ ಮೊದಲು ಮೇವು, ಖನಿಜ.

ಶೆಡ್ಡಿನ ಲೆಕ್ಕ

ತಾಪ ಮತ್ತು ತೇವ ಸೇರಿಸಿ ಲೆಕ್ಕಹಾಕುವ ಟಿಎಚ್‌ಐ ಸೂಚ್ಯಂಕ ಹೈನು ರಾಸುಗಳಿಗೆ 72 ದಾಟಿದರೆ ಸೆಕೆ ತಾಗಿತೆಂದು ಅರ್ಥ. 40 ಡಿಗ್ರಿ, ತೇವ ಶೇ 25 ಇದ್ದರೆ ಅದು 85. ರಾತ್ರಿ 28 ಡಿಗ್ರಿ, ತೇವ ಶೇ 50 ಇದ್ದರೂ ಸುಮಾರು 76, ಅಂದರೆ ರಾತ್ರಿಯಲ್ಲೂ ಬಿಡುಗಡೆಯಿಲ್ಲ. 22 ಡಿಗ್ರಿ, ಶೇ 60ಕ್ಕೆ ಇಳಿದರೆ 69. ರಾತ್ರಿ 21 ಡಿಗ್ರಿಗಿಂತ ಕೆಳಗೆ ಮೂರರಿಂದ ಆರು ತಾಸು ಸಿಕ್ಕರೆ ರಾಸು ಹಗಲಿನ ಕಾವನ್ನು ಇಳಿಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಅದು ತಾನಾಗಿ ಸಿಗದು, ಮಾಡಿಕೊಡಬೇಕು.

ನಮ್ಮ ಬೇಸಿಗೆಯ ಒಣಗಾಳಿ ಇಲ್ಲಿ ವರ. ಪೈಪಿನಿಂದ ಎರಡು ಮೂರು ನಿಮಿಷ ಬೆನ್ನು, ಪಕ್ಕೆಗಳ ಚರ್ಮ ಪೂರ್ತಿ ತೊಯ್ಯುವಂತೆ ನೀರು, ನಂತರ ಹತ್ತು ಹದಿನೈದು ನಿಮಿಷ ಫ್ಯಾನು. ಆರಿದ ಮೇಲೆ ಮತ್ತೆ. ಮಂಜಿನಂತೆ ಸಿಂಪಡಿಸಿ ಗಾಳಿಯಾಡಲು ಬಿಡದಿದ್ದರೆ ಶೆಡ್ಡಿನ ತೇವ ಏರಿ ಉಲ್ಟಾ ಆಗುತ್ತದೆ. ಸಂಜೆ ಹಾಲು ಕರೆಯುವ ಮುಂಚೆ ಒಮ್ಮೆ, ರಾತ್ರಿ 9–10ಕ್ಕೆ ಇನ್ನೊಮ್ಮೆ ಹಾಕಿದರೆ ಕಡಿಮೆ ನೀರಿನಲ್ಲೂ ಪ್ರಯೋಜನ ಹೆಚ್ಚು. ತಗಡಿನ ಮೇಲೆ ಅರ್ಧ ಅಡಿ ಕಬ್ಬಿನ ರವದಿ ಹೊದಿಸಿ, ಬೆಂಕಿಯ ಕಿಡಿ ತಾಗದಂತೆ ನೋಡಿಕೊಳ್ಳಬೇಕು. ಮೇವಿನ ಹೆಚ್ಚಿನ ಪಾಲು ರಾತ್ರಿ ಹಾಕಬೇಕು, ಏಕೆಂದರೆ ಹೊಟ್ಟೆಯಲ್ಲಿ ಕಣಿಕೆ ಕರಗುವಾಗ ಹುಟ್ಟುವ ಕಾವು ಮಧ್ಯಾಹ್ನದ ಬಿಸಿಲಿಗೆ ಕೂಡಬಾರದು. ಬಾನಿ ನೆರಳಿನಲ್ಲಿರಲಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ. ಪಕ್ಕೆ ಏರಿಳಿಯುವುದನ್ನು ಮಧ್ಯಾಹ್ನ 3ಕ್ಕೆ ಎಣಿಸಿ ನೋಡಿದರೆ ಶೆಡ್ಡು ಹೇಗಿದೆ ಗೊತ್ತಾಗುತ್ತದೆ: ನಿಮಿಷಕ್ಕೆ 40 ದಾಟಿದರೆ ತಂಪು ಸಾಲದು.

ಕಳ್ಳರ ಭಯಕ್ಕೆ ಶೆಡ್ಡಿನಲ್ಲಿ ರಾತ್ರಿಯಿಡೀ ಬಿಳಿ ಎಲ್‌ಇಡಿ ಉರಿಸುವವರು ದೀಪವನ್ನು ಹೊರಗೋಡೆಗೆ, ಹೊರಮುಖವಾಗಿ ಹಾಕಲಿ. ಎಮ್ಮೆಯ ಕಣ್ಣಿಗೆ ಆ ಬೆಳಕು ಬಿದ್ದರೆ ಇರುವ ಚೂರು ಉದ್ದದ ರಾತ್ರಿಯನ್ನೂ ನಾವೇ ಕತ್ತರಿಸಿದಂತೆ. ಮೂಕ ಬೆದೆ ಗುರುತಿಸಲು ನಸುಕಿನ 4–6 ಮತ್ತು ರಾತ್ರಿ 9–10 ಒಳ್ಳೆಯ ಹೊತ್ತು: ಗಾಜಿನಂಥ ಲೋಳೆ, ಮತ್ತೆಮತ್ತೆ ಮೂತ್ರ, ಕರೆಯುವಾಗ ಹಾಲು ಇಳಿಸದಿರುವುದು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ. ಆ ವಾರವಿಡೀ ತಂಪು ತಪ್ಪಿಸಬಾರದು.

ಮುಂದಿನ ಪರಿಣಾಮ ಹಾಲಿನ ದರದಲ್ಲಿ

ಎಮ್ಮೆಯ ಗರ್ಭ ಸುಮಾರು 310 ದಿನ. ಅಕ್ಟೋಬರಿನಲ್ಲಿ ಗಬ್ಬಾದದ್ದು ಆಗಸ್ಟಿನಲ್ಲಿ ಈಯುತ್ತದೆ, ಏಪ್ರಿಲಿನಲ್ಲಿ ಗಬ್ಬಾದದ್ದು ಫೆಬ್ರುವರಿಯಲ್ಲಿ. ಬೇಸಿಗೆಯ ಬೆದೆ ತಪ್ಪಿದ್ದಕ್ಕೇ ಮರು ಬೇಸಿಗೆಯಲ್ಲಿ, ಮೊಸರು ಮಜ್ಜಿಗೆಗೆ ಬೇಡಿಕೆ ಏರುವಾಗಲೇ, ಎಮ್ಮೆ ಹಾಲು ಕಡಿಮೆ. ಬೆಳಗಾವಿಯ ಕುಂದಾಕ್ಕೆ ಬೇಕಾಗುವ ಖೋವಾದವರೆಗೆ ಇದರ ಎಳೆ ಮುಟ್ಟುತ್ತದೆ. ರಾತ್ರಿಗಳು ಬಿಸಿಯಾದಷ್ಟೂ ಈ ಕಂದಕ ಅಗಲವಾಗುತ್ತದೆ.

ಇಂಪ್ಲಾಂಟ್ ಇಡಿಸುವವರು ಈ ಲೆಕ್ಕವನ್ನು ಮುಂಚೆಯೇ ಮಾಡಬೇಕು. ಇಟ್ಟ ಮೇಲೆ ಬೆದೆಗೆ ವಾರಗಟ್ಟಲೆ ಕಾಯಬೇಕಾದ್ದರಿಂದ ಮೇನಲ್ಲಿ ಇಟ್ಟರೆ ತಡ. ಫೆಬ್ರುವರಿಯಲ್ಲಿ ಇಟ್ಟು ಮಾರ್ಚಿನಲ್ಲಿ ಗಬ್ಬಾದರೆ ಮರುವರ್ಷ ಜನವರಿಗೆ ಈಯುತ್ತದೆ, ಹಾಲು ಮೇಲೇರುವುದು ಮಾರ್ಚಿನ ಹೊತ್ತಿಗೆ. ದರ ಚೆನ್ನಾಗಿರುತ್ತದೆ. ಆದರೆ ಹೆಚ್ಚು ಹಾಲು ಕೊಡುವ ಎಮ್ಮೆಯ ಮೈಯಲ್ಲಿ ಹುಟ್ಟುವ ಕಾವೂ ಹೆಚ್ಚು. ಹಸಿ ಮೇವು, ನೀರು, ಫ್ಯಾನಿಗೆ ಕರೆಂಟು ಮೇ ಮುಗಿಯುವವರೆಗೆ ಇರುತ್ತದೆಂಬ ಖಾತ್ರಿ ಇಲ್ಲದವರಿಗೆ ಆಗಸ್ಟಿನ ಈತವೇ ಕಡಿಮೆ ಖರ್ಚಿನದು.